ಪದ ಪರಿಚಯ: ಅಫಿಲಿಯೇಟ್ ಮಾರ್ಕೆಟಿಂಗ್

ಸಾಮಾನು ಯಾರದೋ, ಗೋಡೌನ್ ಯಾರದೋ, ಡೆಲಿವರಿಯೂ ಅವರದೇ. ಆ ಸಾಮಾನಿನ ಪುಟಕ್ಕೆ ಕರೆದೊಯ್ಯುವ ಒಂದು ಲಿಂಕ್ ಮಾತ್ರ ನಿಮ್ಮದು. ಅದನ್ನು ಒತ್ತಿ ಹೋದವರು ಸಾಮಾನು ಕೊಂಡು, ವಾಪಸ್ ಮಾಡದೆ ಇಟ್ಟುಕೊಂಡರೆ ಮಾರಿದ ಕಂಪನಿ ನಿಮಗೆ ಕಮಿಷನ್ ಕೊಡುತ್ತದೆ. ಅಫಿಲಿಯೇಟ್ ಮಾರ್ಕೆಟಿಂಗ್ ಅಂದರೆ ಇಷ್ಟೇ. ಅಮೆಜಾನ್ ಇನ್ನೂ ಪುಸ್ತಕ ಮಾತ್ರ ಮಾರುತ್ತಿದ್ದ 1996ರಲ್ಲೇ ‘ಅಸೋಸಿಯೇಟ್ಸ್’ ಎಂಬ ಹೆಸರಿನಲ್ಲಿ ಇದನ್ನು ಶುರು ಮಾಡಿತ್ತು.

ದಾವಣಗೆರೆಯಲ್ಲಿ ಕಮಿಷನ್ ವ್ಯವಹಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ಚೀಲ ಇಳಿಸಿದ ರೈತನಿಗೂ ಖರೀದಿದಾರನಿಗೂ ನಡುವೆ ದಲ್ಲಾಳಿ ಮಾಡುವ ಕೆಲಸವನ್ನು ಊರು ತಲೆಮಾರುಗಳಿಂದ ನೋಡಿದೆ. ಆದರೆ ದಲ್ಲಾಳಿ ಅಂಗಡಿಯ ಲೆಕ್ಕದ ಪುಸ್ತಕ ದಲ್ಲಾಳಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ಅಫಿಲಿಯೇಟ್‌ನಲ್ಲಿ ಪುಸ್ತಕ ಕಂಪನಿಯ ಸರ್ವರ್‌ನಲ್ಲಿರುತ್ತದೆ, ಬರೆಯುವವರೂ ಅವರೇ, ಹೊಡೆದು ಹಾಕುವವರೂ ಅವರೇ. ನೀವು ಕಳಿಸಿದ ಗಿರಾಕಿಯ ಹೆಸರು ಕೂಡ ನಿಮಗೆ ಕಾಣುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಇಳಿಯುವವರು ಏನು ಮಾರಬೇಕೆಂದು ಯೋಚಿಸುವ ಮೊದಲು ಲಿಂಕ್ ಹೇಗೆ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ತಿಳಿದಿರಬೇಕು.

ಲಿಂಕ್ ಒಳಗೆ ಏನಿದೆ

ಅಮೆಜಾನ್ ಅಸೋಸಿಯೇಟ್ಸ್ ಖಾತೆ ಮಾಡಿದಾಗ ನಿಮಗೊಂದು ಗುರುತು ಸಿಗುತ್ತದೆ, ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಭಾರತದ ಖಾತೆಯ ಟ್ಯಾಗ್ ‘-21’ ಎಂದು ಮುಗಿಯುತ್ತದೆ. ಪುಟದ ಮೇಲ್ಭಾಗದ ಸೈಟ್‌ಸ್ಟ್ರೈಪ್ ಪಟ್ಟಿಯಿಂದ ಲಿಂಕ್ ತೆಗೆದರೆ ಟ್ಯಾಗ್ ತಾನಾಗಿ ಅಂಟಿಕೊಂಡು ಬರುತ್ತದೆ. ಬ್ರೌಸರ್‌ನ ವಿಳಾಸವನ್ನೋ ಆಪ್‌ನ ಸಾದಾ ಶೇರ್ ಬಟನ್ ಕೊಟ್ಟ ವಿಳಾಸವನ್ನೋ ಹಾಗೇ ನಕಲಿಸಿದರೆ ಅದರಲ್ಲಿ ಟ್ಯಾಗ್ ಇರುವುದಿಲ್ಲ. ನೂರು ಜನ ಕೊಂಡರೂ ನಿಮಗೆ ಸೊನ್ನೆ.

ಟ್ಯಾಗ್ ಇರುವ ಲಿಂಕ್ ಒತ್ತಿದಾಗ ಗಿರಾಕಿಯ ಬ್ರೌಸರ್‌ನಲ್ಲಿ ಕುಕೀ ಎಂಬ ಸಣ್ಣ ಗುರುತು ಕೂರುತ್ತದೆ. ಅಮೆಜಾನ್‌ನಲ್ಲಿ ಅದರ ಆಯುಷ್ಯ 24 ಗಂಟೆ. ಅಷ್ಟರೊಳಗೆ ಅವರು ನೀವು ತೋರಿಸಿದ ಕುಕ್ಕರ್ ಬಿಟ್ಟು ಶೂ ಕೊಂಡರೂ ಲೆಕ್ಕ ನಿಮ್ಮ ಹೆಸರಿಗೆ ಬರುತ್ತದೆ. ನಡುವೆ ಇನ್ನೊಬ್ಬರ ಅಫಿಲಿಯೇಟ್ ಲಿಂಕ್ ಒತ್ತಿದರೆ ನಿಮ್ಮ ಗುರುತು ಅಳಿಸಿ ಅವರದು ಕೂರುತ್ತದೆ. ಕೂಪನ್, ಕ್ಯಾಶ್‌ಬ್ಯಾಕ್ ಆಪ್‌ಗಳು ಬದುಕುವುದೇ ಈ ಕೊನೆಯ ಒತ್ತಿನ ಮೇಲೆ. ನೀವು ಹತ್ತು ನಿಮಿಷದ ವಿಡಿಯೋ ಮಾಡಿ ಒಪ್ಪಿಸಿದ ಗಿರಾಕಿ ಹಣ ಕಟ್ಟುವ ಮುಂಚೆ ಕ್ಯಾಶ್‌ಬ್ಯಾಕ್ ಹುಡುಕಲು ಹೋದರೆ ಕಮಿಷನ್ ಆ ಆಪ್‌ಗೆ ಹೋಗುತ್ತದೆ.

ಇನ್‌ಸ್ಟಾಗ್ರಾಂನದು ಇನ್ನೊಂದು ತೊಡಕು. ಅಲ್ಲಿ ಒತ್ತಿದ ಲಿಂಕ್ ಆಪ್‌ನ ಒಳಗಿನ ಬ್ರೌಸರ್‌ನಲ್ಲೇ ತೆರೆದುಕೊಳ್ಳುವುದುಂಟು. ಅಲ್ಲಿ ಗಿರಾಕಿಯ ಲಾಗಿನ್ ಇರುವುದಿಲ್ಲ, ಸೇವ್ ಮಾಡಿದ ವಿಳಾಸ ಇರುವುದಿಲ್ಲ. ‘ಇದ್ಯಾಕೋ ಲಾಗಿನ್ ಕೇಳ್ತಿದೆ’ ಅಂತ ಮುಚ್ಚಿ, ನೇರ ಶಾಪಿಂಗ್ ಆಪ್ ತೆರೆದು, ಹೆಸರು ಹುಡುಕಿ ಕೊಳ್ಳುತ್ತಾರೆ. ಮಾರಾಟ ಆಯಿತು, ನಿಮ್ಮ ಲೆಕ್ಕಕ್ಕೆ ಬರಲಿಲ್ಲ. ಮೂರು ಚುಕ್ಕೆ ಒತ್ತಿ ಹೊರಗಿನ ಬ್ರೌಸರ್‌ನಲ್ಲಿ ತೆರೆಯಿರಿ ಎಂದು ಬಯೋದಲ್ಲೇ (ಪ್ರೊಫೈಲ್‌ನ ಪರಿಚಯದ ಜಾಗ) ಒಂದು ಸಾಲು ಬರೆದಿಟ್ಟರೆ ಸೋರಿಕೆ ಸ್ವಲ್ಪ ತಗ್ಗುತ್ತದೆ.

ಲಿಂಕ್ ಎಲ್ಲಿ ಒತ್ತಲು ಬರುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಇನ್‌ಸ್ಟಾಗ್ರಾಂ ಪೋಸ್ಟ್‌ನ ಬರಹದಲ್ಲಿ ಹಾಕಿದ ಲಿಂಕ್ ಬರೀ ಅಕ್ಷರ. ಬಯೋದಲ್ಲಿ ಐದು ಲಿಂಕ್ ಹಾಕಬಹುದು, ಸ್ಟೋರಿಗೆ ಲಿಂಕ್ ಸ್ಟಿಕರ್ ಇದೆ, ಸ್ಟೋರಿ 24 ಗಂಟೆಯಲ್ಲಿ ಹೋಗುತ್ತದೆ. ಯೂಟ್ಯೂಬ್‌ನ ಉದ್ದ ವಿಡಿಯೋದ ವಿವರಣೆಯಲ್ಲಿ ಲಿಂಕ್ ಕೆಲಸ ಮಾಡುತ್ತದೆ, ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟಿನಲ್ಲಿ 2023ರ ಆಗಸ್ಟ್ ಕೊನೆಯಿಂದ ನಿಂತುಹೋಗಿದೆ. 2024ರ ಅಕ್ಟೋಬರ್‌ನಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಯೂಟ್ಯೂಬ್ ತನ್ನದೇ ಶಾಪಿಂಗ್ ಅಫಿಲಿಯೇಟ್ ಯೋಜನೆಯನ್ನು ಭಾರತಕ್ಕೆ ತಂದಿತು. ಅದರಲ್ಲಿ ಸಾಮಾನನ್ನು ವಿಡಿಯೋಗೇ ಅಂಟಿಸಬಹುದು.

ಎಷ್ಟು ಬರುತ್ತದೆ

ಕಮಿಷನ್ ದರ ಸಾಮಾನಿನ ವರ್ಗದ ಮೇಲೆ ಹೋಗುತ್ತದೆ. ಮೊಬೈಲ್‌ಗೆ ತೀರಾ ಕಡಿಮೆ, ಬಟ್ಟೆ, ಅಡುಗೆಮನೆ ಸಾಮಾನಿಗೆ ಹೆಚ್ಚು. ದರಪಟ್ಟಿ ಆಗಾಗ ಬದಲಾಗುತ್ತದೆ, ವಿಡಿಯೋ ಮಾಡುವ ದಿನ ನೋಡುವುದೇ ಸರಿ. ಲೆಕ್ಕ ಹಿಡಿಯುವುದು ಜಿಎಸ್‌ಟಿ ಕಳೆದ ಬೆಲೆಯ ಮೇಲೆ.

ಒಂದು ಸಾಮಾನು ಹಿಡಿದೇ ನೋಡೋಣ: ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆ ಮೆಕ್ಕೆಜೋಳ ಹಾಕುವವರು ಸೈನಿಕ ಹುಳುವಿಗೆ ಬೆಳೆ ಚಿಕ್ಕದಿರುವಾಗಲೇ ಸುಳಿಗೆ ಔಷಧ ಹೊಡೆಯಬೇಕು. ತೆರಿಗೆ ಕಳೆದ ಬೆಲೆ 2,500 ರೂಪಾಯಿ, ಕಮಿಷನ್ ಶೇ 4 ಅಂದುಕೊಳ್ಳಿ: ಒಂದಕ್ಕೆ 100 ರೂಪಾಯಿ. 20 ಸಾವಿರ ಜನ ವಿಡಿಯೋ ನೋಡಿ, ನೂರಕ್ಕೆ ಒಬ್ಬರು ಲಿಂಕ್ ಒತ್ತಿದರೆ 200. ಒತ್ತಿದ ನೂರರಲ್ಲಿ ಮೂವರು ಕೊಂಡರೆ 6. ಒಂದು ವಾಪಸ್ ಹೋದರೆ 5. ಕೈಗೆ 500 ರೂಪಾಯಿ, ಅದೂ ಆ ತಿಂಗಳು ಮುಗಿದು ಸುಮಾರು 60 ದಿನಕ್ಕೆ. ಈ ಪ್ರಮಾಣಗಳು ಲೆಕ್ಕಕ್ಕೆ ಇಟ್ಟುಕೊಂಡವು ಅಷ್ಟೇ, ಆದರೆ ‘ದಿನಕ್ಕೆ ಐದು ಸಾವಿರ’ ಎನ್ನುವವರ ಮಾತನ್ನು ಅಳೆಯಲು ಇಷ್ಟು ಸಾಕು. ದಿನಕ್ಕೆ ಐದು ಸಾವಿರ ಬರಬೇಕಾದರೆ ಇಂಥ 50 ಸ್ಪ್ರೇಯರ್ ದಿನಾ ಹೋಗಬೇಕು.

ಇದೇ ವಿಡಿಯೋವನ್ನು ಎರಡು ಥರ ಮಾಡಬಹುದು. ಡಬ್ಬಿ ಬಿಚ್ಚಿ ‘ಸೂಪರ್ ಪ್ರಾಡಕ್ಟ್, ಲಿಂಕ್ ಕೆಳಗಿದೆ’ ಎನ್ನುವುದು ಒಂದು. ರೈತ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಇನ್ನೊಂದು. ಬ್ಯಾಟರಿ 12 ವೋಲ್ಟ್ 8 ಆಂಪಿಯರ್-ಅವರ್‌ದೋ 12ರದೋ? ಒಂದು ಚಾರ್ಜ್‌ಗೆ ಎಷ್ಟು ಟ್ಯಾಂಕ್? 16 ಲೀಟರ್ ತುಂಬಿದರೆ ನೀರೇ 16 ಕಿಲೋ, ಮೇಲೆ ಮಷಿನ್ ತೂಕ, ಪಟ್ಟಿ ಹೆಗಲಿಗೆ ಕೊಯ್ಯುತ್ತದೆಯೇ? ನಾಝಲ್ ಕಟ್ಟಿಕೊಂಡರೆ ಬಿಚ್ಚುವುದು ಹೇಗೆ? ಬ್ಯಾಟರಿ ಸತ್ತರೆ ಅದೇ ಅಳತೆಯದು ದಾವಣಗೆರೆ ಪೇಟೆಯಲ್ಲಿ ಸಿಗುತ್ತದೆಯೇ? ಸೀಸದ ಬ್ಯಾಟರಿಯನ್ನು ಸುಗ್ಗಿ ಮುಗಿದ ಮೇಲೆ ಚಾರ್ಜ್ ಇಲ್ಲದೆ ಮೂಲೆಗೆ ಇಟ್ಟರೆ ಮುಂದಿನ ಮುಂಗಾರಿಗೆ ಏಳುವುದಿಲ್ಲ ಎಂಬ ಮಾತು ಕಂಪನಿಯ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ಅದನ್ನು ಕನ್ನಡದಲ್ಲಿ ಹೇಳಿದ ವಿಡಿಯೋ ವರ್ಷ ಕಳೆದರೂ ಹುಡುಕಾಟದಲ್ಲಿ ಸಿಗುತ್ತದೆ, ವಾಪಸ್ ಬರುವ ಸಾಮಾನೂ ಕಡಿಮೆಯಾಗುತ್ತದೆ. ಜೂನ್‌ನಲ್ಲಿ ಬಿತ್ತನೆಯಾದರೆ ವಿಡಿಯೋ ಮೇ ತಿಂಗಳಲ್ಲೇ ಇರಬೇಕು, ಆಗಸ್ಟ್‌ಗೆ ಹಾಕಿದರೆ ಆ ವರ್ಷದ ಗಿರಾಕಿ ಮುಗಿದಂತೆ. ಬೆಲೆಯನ್ನು ವಿಡಿಯೋದಲ್ಲಿ ಹೇಳಬೇಡಿ. ಬೆಲೆ ನಾಳೆ ಬದಲಾಗುತ್ತದೆ, ನೋಡುವವರು ನಿಮ್ಮನ್ನೇ ಸುಳ್ಳ ಎನ್ನುತ್ತಾರೆ.

ಖಾತೆ ಮುಚ್ಚಿಹೋಗುವುದು ಯಾಕೆ

ಅಮೆಜಾನ್‌ನಲ್ಲಿ ಖಾತೆ ತೆರೆದ 180 ದಿನದೊಳಗೆ ಅರ್ಹ ಮಾರಾಟ ಮೂರಾದರೂ ಆಗಬೇಕು, ಇಲ್ಲದಿದ್ದರೆ ಮುಚ್ಚುತ್ತಾರೆ, ಮತ್ತೆ ಅರ್ಜಿ ಹಾಕಬೇಕು. ಆ ಮೂರನ್ನು ತುಂಬಿಸಲು ಜನ ಮಾಡುವ ಮೊದಲ ಕೆಲಸ ತಮ್ಮ ಲಿಂಕ್‌ನಿಂದ ತಾವೇ ಕೊಳ್ಳುವುದು, ಇಲ್ಲವೇ ಅಕ್ಕನ ಕೈಲಿ ಕೊಳ್ಳಿಸುವುದು. ಎರಡೂ ನಿಯಮಕ್ಕೆ ವಿರುದ್ಧ. ವಿಳಾಸ, ಕಾರ್ಡ್, ಮೊಬೈಲ್ ತಾಳೆ ನೋಡುವುದು ಅವರಿಗೆ ಕಷ್ಟವೇನಲ್ಲ. ಕೇಳದವರಿಗೆ ಇಮೇಲ್‌ನಲ್ಲಿ ಲಿಂಕ್ ಕಳಿಸುವುದು, ಕರಪತ್ರದಲ್ಲಿ ಅಚ್ಚು ಹಾಕಿಸುವುದು, ಗ್ರಾಹಕರ ವಿಮರ್ಶೆ ನಕಲಿಸಿ ಪೋಸ್ಟ್ ಮಾಡುವುದೂ ನಿಷಿದ್ಧ. ಖಾತೆ ಮುಚ್ಚಿದಾಗ ಪಾವತಿಯಾಗದೆ ಉಳಿದ ಕಮಿಷನ್ ಕೂಡ ಹೋಗಬಹುದು.

ಕಮಿಷನ್ ಬರುತ್ತದೆ ಎಂಬುದನ್ನು ನೋಡುವವರಿಗೆ ಹೇಳಲೇಬೇಕು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಅದು ಎದ್ದು ಕಾಣಬೇಕು, ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ ಹುದುಗಿಸಬಾರದು, ವಿಡಿಯೋದಲ್ಲಿ ಬರಹವಾಗಿಯೂ ಮಾತಾಗಿಯೂ ಇರಬೇಕು. ಕನ್ನಡ ವಿಡಿಯೋಗೆ ಕನ್ನಡದಲ್ಲೇ ಹೇಳಿ: ‘ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ’. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು, ಹೊಗಳಿದವರಿಗೂ ಸೇರಿ.

ಹೆಸರು ಒಂದೇ, ವ್ಯವಹಾರ ಬೇರೆ

ರೀಸೆಲ್ಲಿಂಗ್‌ನಲ್ಲಿ ಬೆಲೆ ಕಟ್ಟುವವರು ನೀವು. ಪೂರೈಕೆದಾರರು 450ಕ್ಕೆ ಕೊಡುವ ಕುರ್ತಿಗೆ 150 ಸೇರಿಸಿ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ 600 ಎಂದು ಹಾಕುತ್ತೀರಿ. ಪಾರ್ಸಲ್ ನೇರ ಗಿರಾಕಿಗೆ ಹೋಗುತ್ತದೆ, 150 ನಿಮಗೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಮೊದಲು ಬೆಳೆದದ್ದು ಹೀಗೆ ಮಾರುವ ಗೃಹಿಣಿಯರಿಂದ. ಇಲ್ಲಿಯ ತೊಂದರೆ ಒಂದೇ, ಅದು ಮೊಬೈಲ್‌ನಲ್ಲೇ ಕಾಣುತ್ತದೆ: ಗಿರಾಕಿ ಫೋಟೋ ಹುಡುಕಿ 450ರ ಬೆಲೆ ಕಂಡುಬಿಟ್ಟರೆ ಮುಂದಿನ ಸಲ ನಿಮ್ಮ ಹತ್ತಿರ ಬರುವುದಿಲ್ಲ.

ಸ್ವಂತ ಸ್ಟಾಕ್ ಇಟ್ಟು ಮಾರುವುದು ಇನ್ನೂ ಬೇರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ, ಚಳ್ಳಕೆರೆಯ ಕಂಬಳಿ, ದಾವಣಗೆರೆಯ ಮಂಡಕ್ಕಿ ಆನ್‌ಲೈನ್‌ನಲ್ಲಿ ಹೋಗುವುದು ಹೆಚ್ಚಾಗಿ ಈ ದಾರಿಯಲ್ಲಿ. ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕು. ಸೀರೆಗೆ ಹಗಲು ಬೆಳಕಿನಲ್ಲಿ ಒಡಲು, ಅಂಚು, ಸೆರಗು, ರವಿಕೆ ಪೀಸ್‌ನ ಫೋಟೋ ಬೇರೆ ಬೇರೆ ತೆಗೆಯಬೇಕು. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ಬಣ್ಣ ಕೆಟ್ಟು ‘ಫೋಟೋದಲ್ಲಿ ಮೆರೂನ್ ಇತ್ತು’ ಅಂತ ಸೀರೆ ವಾಪಸ್ ಬರುತ್ತದೆ. ಸೀರೆಯ ಉದ್ದ, ರವಿಕೆ ಸೇರಿದೆಯೋ ಇಲ್ಲವೋ, ಅಸಲಿ ರೇಷ್ಮೆ ಎನ್ನುವ ಸಿಲ್ಕ್ ಮಾರ್ಕ್ ಚೀಟಿ ಇದೆಯೋ ಎಂದು ಮೊದಲೇ ಬರೆಯಿರಿ. ಅಪರಿಚಿತರಿಗೆ ಕ್ಯಾಶ್ ಆನ್ ಡೆಲಿವರಿ ಕೊಟ್ಟರೆ, ಬಾಗಿಲಲ್ಲಿ ಬೇಡ ಎಂದವರ ಪಾರ್ಸಲ್‌ಗೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಿಮ್ಮದೇ. ಅದಕ್ಕೇ ‘ಓಪನಿಂಗ್ ವಿಡಿಯೋ (ಪಾರ್ಸಲ್ ಬಿಚ್ಚುವಾಗ ತೆಗೆದದ್ದು) ಕಡ್ಡಾಯ, ಸ್ವಲ್ಪ ಮುಂಗಡ’ ಎಂಬ ಸಾಲು ಎಲ್ಲರ ಸ್ಟೇಟಸ್‌ನಲ್ಲೂ ಕಾಣುವುದು. ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಗೊತ್ತಿಲ್ಲದವರಿಗೆ ಒಂದೇ ಸಮ ಕಳಿಸಿದರೆ ನಂಬರೇ ಬ್ಯಾನ್ ಆಗುತ್ತದೆ.

ತೆರಿಗೆಯೂ ಈ ಭೇದದ ಮೇಲೆ ನಿಂತಿದೆ. ಅಫಿಲಿಯೇಟ್ ಕಮಿಷನ್ ವರ್ಷಕ್ಕೆ 20 ಸಾವಿರ ದಾಟಿದರೆ ಕಂಪನಿ ಶೇ 2ರಷ್ಟು ಟಿಡಿಎಸ್ (ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತದೆ, ಪ್ಯಾನ್ ಕೊಡದಿದ್ದರೆ ಶೇ 20. ಹಿಡಿದದ್ದು ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ. ಆದರೆ ಸಣ್ಣ ವ್ಯಾಪಾರಿಗಳು ಶೇ 6 ಅಥವಾ 8 ಲಾಭ ತೋರಿಸಿ ಮುಗಿಸುವ ಅಂದಾಜು ಪದ್ಧತಿ ಕಮಿಷನ್ ಆದಾಯಕ್ಕೆ ಇಲ್ಲ. ಇದನ್ನು ಗಮನಿಸದೆ ಆ ಪದ್ಧತಿಯ ರಿಟರ್ನ್ ಫಾರ್ಮ್ ಐಟಿಆರ್-4 ತುಂಬುವವರು ಬಹಳ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ, ಸಾಮಾನಿಗೆ 40 ಲಕ್ಷ. ಸಾಮಾನನ್ನು ಪುಣೆಗೋ ಹೈದರಾಬಾದ್‌ಗೋ, ಅಂದರೆ ರಾಜ್ಯದಾಚೆಗೆ ಕಳಿಸುವವರಿಗೆ ಆ 40 ಲಕ್ಷದ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ, ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದದ್ದು ನೆನಪಿರಬಹುದು. ಮನೆಖರ್ಚಿನ ಖಾತೆಗೂ ವ್ಯಾಪಾರದ ಖಾತೆಗೂ ಒಂದೇ ಕ್ಯೂಆರ್ ಇಟ್ಟುಕೊಳ್ಳಬೇಡಿ.

ಅಫಿಲಿಯೇಟ್, ರೀಸೆಲ್ಲಿಂಗ್, ಸ್ವಂತ ಸ್ಟಾಕ್ ಆಯಿತು, ಇನ್ನು ನಾಲ್ಕನೆಯದು. ‘ಅಫಿಲಿಯೇಟ್ ಮಾರ್ಕೆಟಿಂಗ್ ಕಲಿಸುತ್ತೇವೆ’ ಅಂತ ಪಿಜಿ ಹುಡುಗರಿಗೆ, ಕಾಲೇಜು ಮುಗಿಸಿ ಮನೆಯಲ್ಲಿರುವವರಿಗೆ ಪ್ಯಾಕೇಜ್ ಮಾರುತ್ತಾರೆ. ಕೊಂಡ ಮೇಲೆ ಮಾರಬೇಕಾದದ್ದು ಅದೇ ಪ್ಯಾಕೇಜನ್ನು, ಇನ್ನೊಬ್ಬರಿಗೆ. ಅಸಲಿ ಅಫಿಲಿಯೇಟ್ ಖಾತೆಗೆ ಸೇರುವ ಶುಲ್ಕವೇ ಇಲ್ಲ, ಅಮೆಜಾನ್‌ನದೂ ಉಚಿತ. ಸಾಮಾನು ಮಾರಾಟವಾಗದೆ ಬರೀ ಜನ ಸೇರಿದ್ದಕ್ಕೆ ದುಡ್ಡು ಹರಿಯುವ ಯೋಜನೆಯನ್ನು 1978ರ ಪ್ರೈಜ್ ಚಿಟ್ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯೇ ನಿಷೇಧಿಸಿದೆ, 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಯನ್ನು ಹೆಸರಿಟ್ಟೇ ಬೇಡ ಎಂದಿವೆ. ಟೆಲಿಗ್ರಾಂನ ‘ಟಾಸ್ಕ್’ ಇನ್ನೂ ನೇರ ಮೋಸ: ವಿಡಿಯೋ ಲೈಕ್ ಮಾಡಿದ್ದಕ್ಕೆ ಮೊದಲು ನೂರಿನ್ನೂರು ನಿಜವಾಗಿ ಹಾಕುತ್ತಾರೆ, ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ನಿಮ್ಮಿಂದ ಹಾಕಿಸುತ್ತಾರೆ, ಪರದೆಯ ಮೇಲೆ ಲಾಭ ಬೆಳೆಯುತ್ತದೆ, ತೆಗೆಯಲು ಹೋದರೆ ತೆರಿಗೆ ಕಟ್ಟು ಎನ್ನುತ್ತಾರೆ. ಬ್ಯಾಂಕ್ ಖಾತೆ ಕೊಟ್ಟರೆ ಕಮಿಷನ್ ಎನ್ನುವವರೂ ಇದೇ ಗುಂಪು. ಮೋಸದ ಹಣ ಹಾದುಹೋದ ಖಾತೆ ಫ್ರೀಜ್ ಆಗುತ್ತದೆ, ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವರ ಮನೆಗೆ.

ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಮುಂದಿನ ಖಾತೆಗೆ ಜಾರುವ ಮುಂಚೆ ತಡೆಹಿಡಿಯುವುದು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲೇ. ಯುಟಿಆರ್ ಸಂಖ್ಯೆ (ಹಣ ಕಳಿಸಿದ್ದರ ಗುರುತಿನ ಸಂಖ್ಯೆ), ಕಳಿಸಿದ ಸಮಯ, ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಗ್ರೂಪಿನಿಂದ ಹೊರಬರುವ ಮೊದಲೇ ಅವನ್ನು ತೆಗೆದುಕೊಳ್ಳಬೇಕು, ಆಮೇಲೆ ಸಿಗುವುದಿಲ್ಲ. ಲಿಖಿತ ದೂರು ಕೊಡಲು ದಾವಣಗೆರೆ, ಚಿತ್ರದುರ್ಗ ಎರಡರಲ್ಲೂ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ.