ಸ್ಪೀಡ್ ಲಿಮಿಟರ್: ತೆಗೆಸುವ ಮೊದಲು ಅದು ಇದೆಯಾ ನೋಡಿ

ಗಾಡಿ ಇಷ್ಟಕ್ಕಿಂತ ಜೋರಾಗಿ ಓಡಬಾರದು ಎಂದು ಕಂಪನಿಯೇ ಹಾಕಿ ಕಳಿಸುವ ಮಿತಿಗೆ ಸ್ಪೀಡ್ ಲಿಮಿಟರ್ ಎನ್ನುತ್ತಾರೆ. ‘ಗಾಡಿ ಎಳೀತಿಲ್ಲ, ಲಾಕ್ ತೆಗೆದುಬಿಡಿ’ ಎಂದು ಶಿವಮೊಗ್ಗದ ಗ್ಯಾರೇಜಿಗೆ ಹಳೇ ಕಾರು ತರುವವರು ಇದ್ದಾರೆ. ತಮಾಷೆ ಏನೆಂದರೆ, ಎಷ್ಟೋ ಹಳೇ ಕಾರುಗಳಲ್ಲಿ ತೆಗೆಯಲು ಅಂಥ ಲಾಕೇ ಇರುವುದಿಲ್ಲ.

ಇರುವ ಕಾರಿನಲ್ಲಿ ಅದು ಕೆಲಸ ಮಾಡುವುದು ಹೀಗೆ. ಗಾಡಿಯ ವೇಗವನ್ನು ಒಂದು ಸೆನ್ಸರ್ ಅಳೆಯುತ್ತದೆ. ಹಳೇ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಗೇರ್‌ಬಾಕ್ಸ್ ಮೇಲಿರುತ್ತದೆ. ಸಿಗ್ನಲ್ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ ಹೋಗುತ್ತದೆ. ಮಿತಿ ಮುಟ್ಟಿದ ಕೂಡಲೇ ಇಸಿಯು ಇಂಧನ ಕಡಿಮೆ ಮಾಡುತ್ತದೆ, ಇಲ್ಲವೇ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಹಿಡಿದುಕೊಳ್ಳುತ್ತದೆ. ಜಪಾನಿನ ಕಂಪನಿಗಳು ತಮ್ಮ ದೇಶದ ಕಾರುಗಳಿಗೆ 180 ಕಿ.ಮೀ., ಜರ್ಮನಿಯ ದೊಡ್ಡ ಕಂಪನಿಗಳು 250 ಕಿ.ಮೀ. ಮಿತಿ ಇಟ್ಟುಕೊಂಡವು. ನಮ್ಮ ಮಾರುತಿ 800, ಅಂಬಾಸಿಡರ್ ಅದರ ಹತ್ತಿರವೂ ಹೋಗುವುದಿಲ್ಲ. ಅವನ್ನು ತಡೆಯುವುದು ಗಾಳಿ ಮತ್ತು ವಯಸ್ಸು. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು. ಸವೆದ ಇಂಜಿನ್ ಎಲ್ಲಿಂದ ತರಬೇಕು?

ಹಾಗಾದರೆ ಗೊತ್ತಾಗುವುದು ಹೇಗೆ? ಏರಿರಲಿ, ಇಳಿಜಾರಿರಲಿ, ಮೂರನೇ ಗೇರೋ ನಾಲ್ಕನೆಯದೋ, ಒಂದೇ ವೇಗಕ್ಕೆ ಬಂದು ಪೆಡಲ್ ಖಾಲಿ ಆದಂತೆ ಅನಿಸಿದರೆ ಅದು ಸ್ಪೀಡ್ ಲಿಮಿಟರ್. ಯಾವ ಗೇರಿನಲ್ಲಿ ಎಳೆದರೂ ಇಂಜಿನ್ ಅಷ್ಟೇ ಸುತ್ತಿಗೆ ನಿಂತರೆ ಅದು ಇಂಜಿನ್ ಕಾಯುವ ರೆವ್ ಲಿಮಿಟರ್. ಅದರ ತಂಟೆಗೆ ಹೋಗಬೇಡಿ. ಇಳಿಜಾರಿನಲ್ಲಿ ಓಡಿ, ಏರಿನಲ್ಲಿ ಸುಸ್ತಾಗುತ್ತಿದ್ದರೆ ಲಾಕ್ ಏನೂ ಇಲ್ಲ. ಏರ್ ಫಿಲ್ಟರ್, ಕ್ಲಚ್, ಕಂಪ್ರೆಷನ್ ನೋಡಿಸಿ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ 80 ದಾಟಿದಾಗ ಬರುವ ಬೀಪ್ ಬರೀ ಎಚ್ಚರಿಕೆ, ಅದು ಯಾವುದನ್ನೂ ತಡೆಯುವುದಿಲ್ಲ.

ತೋಟದ ಹಳೇ ಡೀಸೆಲ್ ಜೀಪುಗಳ ಕಥೆ ಬೇರೆ. ಇಂಜಿನ್ನಿಗೆ ಡೀಸೆಲ್ ಕೊಡುವ ಪಂಪಿನಲ್ಲೇ ಗವರ್ನರ್ ಇರುತ್ತದೆ. ಅದು ಹಿಡಿಯುವುದು ಇಂಜಿನ್ನಿನ ಸುತ್ತನ್ನು, ಗಾಡಿಯ ವೇಗವನ್ನಲ್ಲ. ಸೀಲ್ ಒಡೆದು ಸ್ಕ್ರೂ ತಿರುಗಿಸಿದರೆ ಇಂಜಿನ್ ತಾಳುವುದಕ್ಕಿಂತ ಜಾಸ್ತಿ ಸುತ್ತುತ್ತದೆ. ವಾಲ್ವ್, ರಾಡ್ ಹೋಗುವುದು ಹೀಗೇ.

ನಿಜವಾದ ಲಿಮಿಟರ್ ತೆಗೆಯುವುದೆಂದರೆ ಇಸಿಯು ಪ್ರೋಗ್ರಾಂ ಬದಲಿಸುವುದು, ಅಥವಾ ಸೆನ್ಸರ್ ಸಿಗ್ನಲ್ ತಿರುಚಿ ಇಸಿಯುಗೆ ಸುಳ್ಳು ಹೇಳುವ ಪೆಟ್ಟಿಗೆ ಕೂರಿಸುವುದು. ಕೆಲವರು ಸುಮ್ನೆ ಸೆನ್ಸರ್ ವೈರ್ ಕತ್ತರಿಸುತ್ತಾರೆ. ಆಗ ಬಹಳ ಕಾರುಗಳಲ್ಲಿ ಸ್ಪೀಡೋಮೀಟರೂ ಸಾಯುತ್ತದೆ, ಚೆಕ್ ಇಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಟೈರ್ ಎಷ್ಟು ವೇಗ ತಾಳುತ್ತದೆ ಎಂದು ಹೇಳುವ, ಅದರ ಬದಿಯ ಅಕ್ಷರವನ್ನೂ ಓದಿ: ಎಸ್ ಇದ್ದರೆ 180, ಟಿ ಇದ್ದರೆ 190, ಎಚ್ ಇದ್ದರೆ 210. ಅದೂ ಟೈರ್ ಹೊಸದಿದ್ದು ಗಾಳಿ ಸರಿಯಿದ್ದಾಗ ಮಾತ್ರ. ಆಗುಂಬೆಯ 14 ತಿರುವುಗಳಲ್ಲಿ ಈ ಸಂಖ್ಯೆಗಳಿಗೆ ಏನು ಕೆಲಸ ಅನ್ನೋದು ಬೇರೆ ಮಾತು!

ಮಲೆನಾಡಿನಲ್ಲಿ ಜನ ದಿನಾ ಕಾಣುವ ಲಿಮಿಟರ್ ಇರುವುದು ಹಳದಿ ಬೋರ್ಡಿನ ಗಾಡಿಗಳಲ್ಲಿ. 2015ರ ಕೇಂದ್ರದ ನಿಯಮದಂತೆ ಬಸ್ಸು, ಲಾರಿಗಳಿಗೆ 80 ಕಿ.ಮೀ., ಶಾಲಾ ಬಸ್ಸು, ಟ್ಯಾಂಕರ್, ಡಂಪರ್‌ಗಳಿಗೆ 60. ಇದನ್ನು ಬಿಚ್ಚಿಸಿದರೆ ಎಫ್‌ಸಿಯಲ್ಲಿ (ಗಾಡಿಯ ಫಿಟ್‌ನೆಸ್ ತಪಾಸಣೆಯಲ್ಲಿ) ಸಿಕ್ಕಿಬೀಳುವುದು ಒಂದು. ಮಾಲೀಕರು ಕಾನೂನು ಒಪ್ಪದ ಬದಲಾವಣೆ ಮಾಡಿಸಿದರೆ, ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.