19 ಮತ್ತು 41: ಅರ್ಧ ಶತಮಾನ ಸತಾಯಿಸಿದ ಆವರ್ತಗಳು

ಬ್ರಿಟನ್ನಿನ ಗಣಿತಜ್ಞ ಜಾನ್ ಕಾನ್ವೆ ರೂಪಿಸಿದ ‘ಗೇಮ್ ಆಫ್ ಲೈಫ್’ 1970ರ ಅಕ್ಟೋಬರ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಮಾರ್ಟಿನ್ ಗಾರ್ಡ್ನರ್ ಅಂಕಣದ ಮೂಲಕ ಜನರಿಗೆ ಪರಿಚಯವಾಯಿತು. ಚೌಕ ಮನೆಗಳ ಕೊನೆಯಿಲ್ಲದ ಹಾಸಿನಲ್ಲಿ ಪ್ರತಿ ಮನೆಗೂ ಎಂಟು ನೆರೆಮನೆಗಳು. ಎರಡು ಅಥವಾ ಮೂರು ಜೀವಂತ ನೆರೆಗಳಿರುವ ಜೀವಂತ ಮನೆ ಉಳಿಯುತ್ತದೆ, ಉಳಿದವು ಸಾಯುತ್ತವೆ. ಸರಿಯಾಗಿ ಮೂರು ಜೀವಂತ ನೆರೆಗಳಿರುವ ಖಾಲಿ ಮನೆಯಲ್ಲಿ ಹೊಸ ಜೀವ ಹುಟ್ಟುತ್ತದೆ.

ಅಡ್ಡಲಾಗಿ ಮೂರು ಜೀವಂತ ಮನೆಗಳನ್ನಿಟ್ಟು ನೋಡಿ. ತುದಿಯ ಎರಡಕ್ಕೂ ಒಂದೊಂದೇ ನೆರೆಯಾದ್ದರಿಂದ ಅವು ಸಾಯುತ್ತವೆ; ನಡುವಿನದು ಉಳಿಯುತ್ತದೆ; ಅದರ ಮೇಲೂ ಕೆಳಗೂ ಇರುವ ಖಾಲಿ ಮನೆಗಳಿಗೆ ಮೂರು ಮೂರು ನೆರೆಗಳಿರುವುದರಿಂದ ಅಲ್ಲಿ ಹುಟ್ಟಾಗಿ, ಅಡ್ಡಸಾಲು ನೆಟ್ಟಗೆ ನಿಲ್ಲುತ್ತದೆ. ಮರುತಲೆಮಾರಿನಲ್ಲಿ ಮತ್ತೆ ಅಡ್ಡ. ಇದೇ ಬ್ಲಿಂಕರ್. ಹೀಗೆ ಮತ್ತೆ ಮೊದಲಿನ ರೂಪಕ್ಕೇ ಮರಳುವ ವಿನ್ಯಾಸ ಆಂದೋಲಕ; ಮರಳಲು ಬೇಕಾದ ತಲೆಮಾರುಗಳ ಸಂಖ್ಯೆ ಅದರ ಆವರ್ತ. ಬ್ಲಿಂಕರ್‌ನ ಆವರ್ತ 2. ಪಲ್ಸರ್‌ನ ಆವರ್ತ 3; ಹತ್ತು ಮನೆಗಳ ಸಾಲಿನಿಂದ ಬೆಳೆಯುವ ಪೆಂಟಾಡೆಕಾಥ್ಲಾನ್‌ನದು 15.

ಹಾಗಾದರೆ ಪ್ರತಿಯೊಂದು ಆವರ್ತಕ್ಕೂ ಒಂದು ಆಂದೋಲಕ ಇದೆಯೇ? ವಿಚಿತ್ರವೆಂದರೆ ಇಲ್ಲಿ ದೊಡ್ಡ ಸಂಖ್ಯೆಗಳೇ ಸುಲಭ. ಚಲಿಸುವ ವಿನ್ಯಾಸವೊಂದನ್ನು ಮುಚ್ಚಿದ ದಾರಿಯಲ್ಲಿ ಸುತ್ತಿಸಿ, ದಾರಿಯ ಉದ್ದವನ್ನೂ ಸುತ್ತುವವುಗಳ ಸಂಖ್ಯೆಯನ್ನೂ ಹೊಂದಿಸಿದರೆ ಬೇಕಾದ ಆವರ್ತ ಸಿಗುತ್ತದೆ. ಹರ್ಷೆಲ್ ಎಂಬ ವಿನ್ಯಾಸವನ್ನು ಹೀಗೆ ಸಾಗಿಸಿ, 61 ಮತ್ತು ಅದಕ್ಕೂ ಮೇಲಿನ ಎಲ್ಲ ಆವರ್ತಗಳು ಸಾಧ್ಯವೆಂದು ಡೇವಿಡ್ ಬಕಿಂಗ್‌ಹ್ಯಾಮ್ 1996ರಲ್ಲಿ ತೋರಿಸಿದರು. 2013ರಲ್ಲಿ ಮೈಕ್ ಪ್ಲೇಲ್ ಕಂಡುಹಿಡಿದ ‘ಸ್ನಾರ್ಕ್’ ಎಂಬ ವಿನ್ಯಾಸ, ಗ್ಲೈಡರ್ ಎಂಬ ಚಲಿಸುವ ಪುಟ್ಟ ವಿನ್ಯಾಸ ಬಂದರೆ ಅದನ್ನು ಲಂಬಕೋನದಲ್ಲಿ ತಿರುಗಿಸಿ 43 ತಲೆಮಾರುಗಳಲ್ಲಿ ಮುಂದಿನದಕ್ಕೆ ಸಿದ್ಧವಾಗುತ್ತಿದ್ದುದರಿಂದ ಗಡಿ 43ಕ್ಕೆ ಇಳಿಯಿತು.

ಅದರ ಕೆಳಗೆ ಈ ಉಪಾಯ ನಡೆಯಲಿಲ್ಲ. ಒಂದೊಂದು ಆವರ್ತಕ್ಕೂ ಪ್ರತ್ಯೇಕ ಹುಡುಕಾಟ ಬೇಕಾಯಿತು. ಬ್ಲಿಂಕರ್ ಮತ್ತು ಪಲ್ಸರ್ ಅನ್ನು ದೂರ ದೂರ ಇಟ್ಟು ಒಟ್ಟು ಆವರ್ತ 6 ಎನ್ನುವುದನ್ನು ಈ ಕ್ಷೇತ್ರದವರು ಒಪ್ಪುವುದಿಲ್ಲ: ಕನಿಷ್ಠ ಒಂದು ಮನೆಯಾದರೂ ಪೂರ್ಣ ಆವರ್ತದಲ್ಲೇ ಬದಲಾಗಬೇಕು. ಈ ಬಿಗಿ ನ್ಯಾಯವೇ ಎನ್ನಬೇಕು, ಇಲ್ಲದಿದ್ದರೆ ಪ್ರಶ್ನೆಗೆ ತೂಕವೇ ಇರುತ್ತಿರಲಿಲ್ಲ. ಅವಿಭಾಜ್ಯಗಳಾದ 19 ಮತ್ತು 41ಕ್ಕಂತೂ ಅಂಥ ಅಡ್ಡದಾರಿಯೂ ಇರಲಿಲ್ಲ. ಸ್ನಾರ್ಕ್‌ನ ಗಡಿಗಿಂತ ಎರಡೇ ಹೆಜ್ಜೆ ಕೆಳಗಿದ್ದ 41ಕ್ಕೆ ಇನ್ನೂ ಹತ್ತು ವರ್ಷ ಹಿಡಿಯಿತು. ಕೊನೆಗೆ, ಬಾಕಿ ಉಳಿದಿದ್ದ ಈ ಎರಡೂ 2023ರಲ್ಲಿ ಸಿಕ್ಕವು; ಅದೇ ಡಿಸೆಂಬರ್‌ನಲ್ಲಿ ಏಳು ಜನರ ಪ್ರಬಂಧ, ಪ್ರತಿ ಆವರ್ತಕ್ಕೂ ಆಂದೋಲಕ ಇದೆ ಎಂಬ ಫಲಿತಾಂಶವನ್ನು ದಾಖಲಿಸಿತು. ಆದರೆ ಸಣ್ಣ ಆವರ್ತಗಳ ಮಟ್ಟಿಗೆ ಅದು ಉದಾಹರಣೆಗಳನ್ನು ಒಂದೊಂದಾಗಿ ಮುಂದಿಡುವ ಸಾಧನೆ; 43ರ ಕೆಳಗಿನವೆಲ್ಲವನ್ನೂ ಒಂದೇ ವಿಧಾನದಿಂದ ಕಟ್ಟುವ ದಾರಿ ಅದರಲ್ಲಿಲ್ಲ.