ಅಲ್ಟ್ರಾಸಾನಿಕ್ ಕ್ಲೀನರಿನಲ್ಲಿ ಬಂದೂಕಿನ ಭಾಗಗಳ ಶುಚಿ: ಅಧ್ಯಯನ ಟಿಪ್ಪಣಿ

ಗುಂಡು ಹಾರಿದ ಮೇಲೆ ಬಂದೂಕಿನೊಳಗೆ ಉರಿದ ಮದ್ದಿನ ಮಸಿ, ಗುಂಡಿನಿಂದ ಸವೆದು ಅಂಟಿದ ಸೀಸ ಅಥವಾ ತಾಮ್ರ, ಮತ್ತು ಇವುಗಳೊಂದಿಗೆ ಬೆರೆತು ಗಟ್ಟಿಯಾದ ಹಳೆಯ ಎಣ್ಣೆ ಉಳಿಯುತ್ತವೆ. ನಳಿಗೆಯ ಒಳಮೈಯನ್ನು ಬ್ರಷ್ ಮತ್ತು ಬಟ್ಟೆಯ ತುಂಡಿನಿಂದ ಉಜ್ಜಬಹುದು. ಆದರೆ ಫೈರಿಂಗ್ ಪಿನ್ (ತೋಟಾದ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಕಡ್ಡಿ) ಕೂರುವ ರಂಧ್ರ, ಎಕ್ಸ್‌ಟ್ರಾಕ್ಟರಿನ (ಖಾಲಿ ತೋಟಾವನ್ನು ಹೊರಗೆಳೆಯುವ ಕೊಕ್ಕೆಯ) ಹಿಂಬದಿ, ಟ್ರಿಗರ್ ಜೋಡಣೆಯ ಸಂದುಗಳು ಇವುಗಳಿಗೆ ಯಾವ ಬ್ರಷ್ಷೂ ಸರಿಯಾಗಿ ತಲುಪುವುದಿಲ್ಲ. ಶ್ರವಣಾತೀತ ಕಂಪನದಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಕ್ಲೀನರಿನ ನಿಜವಾದ ಉಪಯೋಗವಿರುವುದು ಇಂಥ ಕಡೆಗಳಲ್ಲಿ.

ಉಪಕರಣದ ರಚನೆ ಸರಳ. ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಯ ತಳಕ್ಕೆ ಪೀಜೋಎಲೆಕ್ಟ್ರಿಕ್ ಟ್ರಾನ್ಸ್‌ಡ್ಯೂಸರುಗಳನ್ನು ಅಂಟಿಸಿರುತ್ತಾರೆ. ವಿದ್ಯುತ್ ಸಂಕೇತ ಬಂದಾಗ ಅವು ಹಿಗ್ಗಿ ಕುಗ್ಗಿ ತಳ ಕಂಪಿಸುವಂತೆ ಮಾಡುತ್ತವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 40 ಕಿಲೋಹರ್ಟ್ಸ್ ಉಪಕರಣದಲ್ಲಿ ಈ ಕಂಪನ ಸೆಕೆಂಡಿಗೆ 40,000 ಸಲ ನಡೆಯುತ್ತದೆ. ಇದರಿಂದ ದ್ರವದ ಒತ್ತಡ ಏರಿಳಿಯುತ್ತದೆ. ಒತ್ತಡ ಇಳಿದ ಕ್ಷಣದಲ್ಲಿ ದ್ರವದೊಳಗೆ ಸೂಕ್ಷ್ಮ ಗುಳ್ಳೆಗಳು ಹುಟ್ಟುತ್ತವೆ, ಒತ್ತಡ ಏರಿದಾಗ ಅವು ಕುಸಿಯುತ್ತವೆ. ಕುಸಿಯುವಾಗ ಲೋಹದ ಮೇಲ್ಮೈಗೆ ತಗಲುವ ಸಣ್ಣ ದ್ರವಧಾರೆಯ ಹೊಡೆತವೇ ಕೊಳೆಯನ್ನು ಕಿತ್ತೆಬ್ಬಿಸುತ್ತದೆ. ಇದಕ್ಕೆ ಕ್ಯಾವಿಟೇಶನ್ ಎಂದು ಹೆಸರು. ಹಡಗಿನ ಪ್ರೊಪೆಲ್ಲರುಗಳನ್ನು ಕೊರೆದು ಹಾಳುಮಾಡುವುದೂ ಇದೇ ಕ್ರಿಯೆ. ಗುಳ್ಳೆಯ ಕುಸಿತದ ಗಣಿತವನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲಿ ಬರೆದ ಹಿನ್ನೆಲೆಯಲ್ಲಿಯೂ ಅದೇ ಸಮಸ್ಯೆಯಿತ್ತು. ಕೊಳೆಯನ್ನು ಕೀಳುವ ಶಕ್ತಿಗೆ ಲೋಹವನ್ನೂ ಕೆಡಿಸುವ ಸಾಮರ್ಥ್ಯವಿದೆ ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಆವರ್ತನ (ಸೆಕೆಂಡಿಗೆ ನಡೆಯುವ ಕಂಪನಗಳ ಸಂಖ್ಯೆ) ಕಡಿಮೆಯಾದಷ್ಟೂ ಗುಳ್ಳೆ ದೊಡ್ಡದು, ಹೊಡೆತ ಬಿರುಸು. ಹೆಚ್ಚಾದಷ್ಟೂ ಗುಳ್ಳೆ ಚಿಕ್ಕದು, ಕೆಲಸ ನಯ. ದ್ರವವನ್ನು ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದರೆ ಎಣ್ಣೆ ಬೇಗ ಸಡಿಲಗೊಳ್ಳುತ್ತದೆ. ಆದರೆ ಕುದಿಯುವ ಹಂತದ ಸಮೀಪಕ್ಕೆ ಒಯ್ದರೆ ಗುಳ್ಳೆಗಳೊಳಗೆ ಆವಿ ತುಂಬಿ, ಅದು ಮೆತ್ತೆಯಂತೆ ವರ್ತಿಸಿ, ಹೊಡೆತದ ಬಲ ಕುಗ್ಗುತ್ತದೆ. ಹೊಸದಾಗಿ ತುಂಬಿದ ದ್ರವದಲ್ಲಿ ಕರಗಿರುವ ಗಾಳಿಯೂ ಇದೇ ತೊಂದರೆ ಕೊಡುವುದರಿಂದ, ಭಾಗಗಳನ್ನು ಇಳಿಸುವ ಮೊದಲು ತೊಟ್ಟಿಯನ್ನು ಐದರಿಂದ ಹತ್ತು ನಿಮಿಷ ಬರಿದೇ ದ್ರವದೊಡನೆ ನಡೆಸಬೇಕು. ತೊಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ತೆಳುವಾದ ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ಸ್ವಲ್ಪ ಹೊತ್ತು ಇಳಿಬಿಟ್ಟರೆ ಸಾಕು: ಹಾಳೆಯುದ್ದಕ್ಕೂ ಚುಕ್ಕೆಚುಕ್ಕೆಯಾಗಿ ತೂತು ಬೀಳಬೇಕು.

ದ್ರವದ ಆಯ್ಕೆಯಲ್ಲಿ ತಪ್ಪಿದರೆ ಉಳಿದ ಎಚ್ಚರಿಕೆಯೆಲ್ಲ ವ್ಯರ್ಥ. ಪೆಟ್ರೋಲ್, ಸೀಮೆಎಣ್ಣೆ, ಆಲ್ಕೊಹಾಲ್ ಇವನ್ನು ಸಾಮಾನ್ಯ ತೊಟ್ಟಿಗೆ ಸುರಿಯಲೇಬಾರದು. ಬಿಸಿ, ಆವಿ ಮತ್ತು ವಿದ್ಯುತ್ ಒಂದೆಡೆ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಬೇಕಾದದ್ದು ನೀರಿನಲ್ಲಿ ಬೆರೆಸುವ, ಆಯುಧದ ಲೋಹಗಳಿಗೆ ಹೊಂದುವ ಮಾರ್ಜಕ. ತೀವ್ರ ಕ್ಷಾರ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ, ತುಕ್ಕು ತೆಗೆಯುವ ಆಮ್ಲಯುಕ್ತ ದ್ರವ ಉಕ್ಕಿನ ಬ್ಲೂಯಿಂಗ್ (ತುಕ್ಕು ತಡೆಯುವ ನೀಲಿಗಪ್ಪು) ಲೇಪವನ್ನೇ ತೆಗೆದುಬಿಡುತ್ತದೆ, ಅಮೋನಿಯ ಹಿತ್ತಾಳೆಯಲ್ಲಿ ಬಿರುಕು ತರಬಲ್ಲದು. ಆದ್ದರಿಂದ ಉಕ್ಕು ಮತ್ತು ಅಲ್ಯೂಮಿನಿಯಂ ಭಾಗಗಳನ್ನು ಬೇರೆ ಬೇರೆ ಸರದಿಯಲ್ಲಿ ತೊಳೆಯುವುದು ಲೇಸು.

ಬಿಚ್ಚುವ ಮುನ್ನ ಮ್ಯಾಗಜಿನ್ (ತೋಟಾಗಳನ್ನು ತುಂಬುವ ಪೆಟ್ಟಿಗೆ) ತೆಗೆದು, ತೋಟಾ ಕೂರುವ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಜೀವಂತ ತೋಟಾಗಳು ತೊಟ್ಟಿಯ ಹತ್ತಿರವೂ ಇರಬಾರದು. ಮರದ ಹಿಡಿ, ದೂರದರ್ಶಕ ಮಸೂರಗಳು, ಟ್ರಿಟಿಯಂ ಅನಿಲ ತುಂಬಿದ, ಕತ್ತಲಲ್ಲಿ ಹೊಳೆಯುವ ರಾತ್ರಿಗುರಿಗಳು, ಬಣ್ಣ ತುಂಬಿದ ಗುರಿಚುಕ್ಕೆಗಳು, ಸಿಪ್ಪೆಯೇಳತೊಡಗಿರುವ ನಿಕ್ಕಲ್ ಲೇಪದ ಭಾಗಗಳು ಹೊರಗೇ ಉಳಿಯಲಿ. ಬೆಲೆಬಾಳುವ ಹಳೆಯ ಬಂದೂಕನ್ನಂತೂ ಈ ಉಪಕರಣಕ್ಕೆ ಒಪ್ಪಿಸದಿರುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಭಾಗಗಳನ್ನು ತಳಕ್ಕೆ ತಾಗಿಸದೆ ಬುಟ್ಟಿಯಲ್ಲಿ, ಒಂದಕ್ಕೊಂದು ತಗಲದಂತೆ ಇಡಬೇಕು. ತಗಲಿದರೆ ಕಂಪನಕ್ಕೆ ಉಜ್ಜಿ ಗೀರು ಬೀಳುತ್ತದೆ, ಒಂದರ ಮರೆಯಲ್ಲಿರುವ ಇನ್ನೊಂದಕ್ಕೆ ಅಲೆಯೂ ಸರಿಯಾಗಿ ತಲುಪುವುದಿಲ್ಲ. ಐದು ನಿಮಿಷ ನಡೆಸಿ, ತೆಗೆದು ನೋಡಿ, ಬೇಕಿದ್ದರೆ ಮತ್ತೆ ಐದು ನಿಮಿಷ ಇಡುವ ಕ್ರಮ, ಒಮ್ಮೆಲೇ ಅರ್ಧ ಗಂಟೆ ಬಿಟ್ಟುಬಿಡುವುದಕ್ಕಿಂತ ಎಷ್ಟೋ ವಾಸಿ. ನಳಿಗೆಗೆ ಅಂಟಿದ ತಾಮ್ರದ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಬೇಡ. ಲೋಹಕ್ಕೆ ಲೋಹ ಹಿಡಿದ ಆ ಪದರಕ್ಕೆ ರಾಸಾಯನಿಕವೂ ಬ್ರಷ್ಷೂ ಬೇಕೇ ಬೇಕು. ಉಪಕರಣ ನಡೆಯುತ್ತಿರುವಾಗ ಕೈಯನ್ನು ದ್ರವದೊಳಗೆ ಅದ್ದಬಾರದು.

ಕಲಿಯುವವರು ಹೆಚ್ಚಾಗಿ ಎಡವುವುದು ತೊಳೆದ ನಂತರ. ಈ ಕ್ರಿಯೆಗೆ ಕೊಳೆಯ ಎಣ್ಣೆ ಮತ್ತು ರಕ್ಷಣೆಯ ಎಣ್ಣೆ ಎಂಬ ಭೇದವಿಲ್ಲ. ಸಂದುಗೊಂದಿನಲ್ಲಿ, ಉಕ್ಕಿಗೆ ಕೊಟ್ಟ ಫಾಸ್ಫೇಟ್ ಲೇಪದ ಸೂಕ್ಷ್ಮ ರಂಧ್ರಗಳಲ್ಲಿ ಇಂಗಿದ್ದ ಎಣ್ಣೆಯೂ ಹೋಗಿಬಿಟ್ಟ ಮೇಲೆ ಉಕ್ಕು ಬೆತ್ತಲೆಯಾಗಿ ಹೊರಬರುತ್ತದೆ; ಬಿಸಿಯಾಗಿ, ಒದ್ದೆಯಾಗಿ, ಗಾಳಿಗೆ ತೆರೆದಿರುವ ಅಂಥ ಮೇಲ್ಮೈ ನೋಡನೋಡುತ್ತಲೇ ಕೆಂಪಾಗಬಲ್ಲದು. ಹಾಗಾಗಿ ಒಡನೆಯೇ ಬಿಸಿಯಾದ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ, ಒತ್ತಡದ ಗಾಳಿಯಿಂದ ರಂಧ್ರಗಳ ನೀರನ್ನು ಹೊರದೂಡಿ, ನೀರನ್ನು ಸರಿಸುವ ಗುಣದ ಎಣ್ಣೆಯನ್ನು ಎಲ್ಲೆಡೆ ಹಿಡಿಸಬೇಕು. ಅದು ಇಳಿದುಹೋದ ಮೇಲೆ ಉಜ್ಜಾಡುವ ಜಾಗಗಳಿಗೆ ಮಾತ್ರ ಕೀಲೆಣ್ಣೆ ಹಾಕಬೇಕು. ಫೈರಿಂಗ್ ಪಿನ್ನಿನ ರಂಧ್ರದಲ್ಲಿ ಎಣ್ಣೆ ನಿಲ್ಲಬಾರದು, ಏಕೆಂದರೆ ಮುಂದಿನ ಮಸಿ ಅಲ್ಲಿಯೇ ಕೆಸರಾಗುತ್ತದೆ. ಜೋಡಿಸಿದ ಬಳಿಕ ತೋಟಾ ಇಲ್ಲದೆಯೇ ಸುರಕ್ಷಾ ಕೀಲಿ ಮತ್ತು ಟ್ರಿಗರಿನ ಚಲನೆಯನ್ನು ಪರೀಕ್ಷಿಸಬೇಕು.

ಬಳಸಿದ ದ್ರವದಲ್ಲಿ ಗುಂಡಿನ ಸೀಸವೂ, ಅನೇಕ ಪ್ರೈಮರುಗಳ (ತೋಟಾದ ಮದ್ದಿಗೆ ಕಿಡಿ ಹೊತ್ತಿಸುವ ಭಾಗಗಳ) ಸೀಸದ ಸಂಯುಕ್ತಗಳ ಶೇಷವೂ ಸೇರಿರುತ್ತವೆ. ಕೈಗವಸು ತೊಟ್ಟು, ಮುಚ್ಚಳ ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ಆ ತೊಟ್ಟಿಯನ್ನು ಅಡುಗೆಯ ಪಾತ್ರೆಗಾಗಲೀ ಒಡವೆಗಾಗಲೀ ಬಳಸಬಾರದು. ದ್ರವವನ್ನು ಚರಂಡಿಗೆ ಚೆಲ್ಲದೆ ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸಿ ಒಪ್ಪಿಸಬೇಕು.